ಪದಚರ್ಚೆ: ‘ಜೂಡಸ್ ಮೇಕೆ’ಗೆ ‘ದೀಹ’ ಒಪ್ಪೀತೇ, ‘ಬೇಹು’ ಒಪ್ಪೀತೇ?

ಬಳಗದ ಎಲ್ಲರಿಗೂ ನಮಸ್ಕಾರ.

ಗ್ಯಾಲಪಗೋಸ್ ದ್ವೀಪಗಳ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ದೈತ್ಯ ಆಮೆ, ಕಡಲಿಗಿಳಿದು ಪಾಚಿ ಮೇಯುವ ಇಗ್ವಾನಾ, ಲಾವಾ ಹರಿದು ಹೆಪ್ಪುಗಟ್ಟಿದ ನೆಲ, 1835ರಲ್ಲಿ ಡಾರ್ವಿನ್ ಅಲ್ಲಿ ಕಳೆದ ಐದು ವಾರ, ಇವೆಲ್ಲ ಕನ್ನಡದಲ್ಲಿ ಸಲೀಸಾಗಿ ಬಂದವು. ಮೇಕೆಗಳ ಪ್ರಸಂಗದಲ್ಲಿ ಒಂದೇ ಒಂದು ಪದ ಸಿಗದೆ ನಿಂತಿದ್ದೇನೆ.

ಪದ ಕೇಳುವ ಮೊದಲು ಪ್ರಸಂಗ ಹೇಳಬೇಕು. ಈ ದ್ವೀಪಗಳು ಎಕ್ವಡಾರ್ ದೇಶದ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ಪಡುವಣಕ್ಕಿವೆ. ಹೆಸರು ಬಂದದ್ದೇ ಆಮೆಯಿಂದ. ಸ್ಪ್ಯಾನಿಷಿನಲ್ಲಿ ‘ಗಲಾಪಗೊ’ ಎಂದರೆ ಆಮೆ. ಕುದುರೆಯ ಒಂದು ಬಗೆಯ ಜೀನಿಗೂ ಅದೇ ಹೆಸರು. ಕೆಲವು ದ್ವೀಪಗಳ ಆಮೆಯ ಚಿಪ್ಪು ಕೊರಳ ಬಳಿ ಜೀನಿನ ಹಾಗೇ ಮೇಲೆದ್ದಿರುತ್ತದೆ. ಹಡಗಿನವರು ಮಾಂಸಕ್ಕೆಂದು ಆಮೆಗಳನ್ನು ರಾಶಿರಾಶಿಯಾಗಿ ಹೊತ್ತೊಯ್ದರು. ಅದೇ ಮಾಂಸದಾಸೆಗೆ ಜನ ಅಲ್ಲಿ ಮೇಕೆಗಳನ್ನೂ ಬಿಟ್ಟರು. ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬಿಟ್ಟದ್ದು ಮೂರೇ ಮೇಕೆ. ಹದಿನೈದು ವರ್ಷ ಕಳೆಯುವುದರೊಳಗೆ ಅವು ಸಾವಿರಾರಾದವು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವಲ್ಲ, ಅಲ್ಲಿ ಸೊಪ್ಪೇ ಉಳಿಯಲಿಲ್ಲ.

ನನ್ನನ್ನು ಹೆಚ್ಚು ಕಲಕಿದ್ದು ಇಸಬೆಲಾ ದ್ವೀಪದ ಕತೆ. ಅಲ್ಲಿನ ಅಲ್ಸೆಡೊ ಜ್ವಾಲಾಮುಖಿಯ ಮೇಲೆ ಒಣಗಾಲದಲ್ಲಿ ಆಮೆಗಳಿಗೆ ನೀರು ಕೊಡುತ್ತಿದ್ದದ್ದು ಮರಗಳು. ಮಂಜು ಎಲೆಗಳಿಗೆ ತಾಗಿ, ಹನಿಯಾಗಿ ತೊಟ್ಟಿಕ್ಕಿ, ಬುಡದಲ್ಲಿ ಹೊಂಡ ಕಟ್ಟುತ್ತಿತ್ತು. ದ್ವೀಪದ ನಡುವಿನ ಒರಟು ಲಾವಾ ಬಯಲು ಮೇಕೆಗಳನ್ನು ಬಹುಕಾಲ ಆಚೆಯೇ ತಡೆದಿತ್ತು. ಕೊನೆಗೆ ಅವು ಅದನ್ನೂ ದಾಟಿ ಬಂದವು. ಮರ ಹೋಯಿತು, ಹನಿ ನಿಂತಿತು, ಹೊಂಡ ಬತ್ತಿತು.

ಗ್ಯಾಲಪಗೋಸ್ ರಾಷ್ಟ್ರೀಯ ಉದ್ಯಾನ ಮತ್ತು ಚಾರ್ಲ್ಸ್ ಡಾರ್ವಿನ್ ಫೌಂಡೇಶನ್ ಸೇರಿ 1997ರಿಂದ 2006ರವರೆಗೆ ನಡೆಸಿದ ‘ಪ್ರಾಜೆಕ್ಟ್ ಇಸಬೆಲಾ’ದಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮೇಕೆಗಳನ್ನು ತೆಗೆದರು. ಹೆಚ್ಚಿನವನ್ನು ಹೆಲಿಕಾಪ್ಟರಿನಿಂದ ಗುಂಡಿಕ್ಕಿ ಕೊಂದರು. ಓದುವಾಗ ಸಂಕಟವಾಗುತ್ತದೆ, ಆದರೂ ಬೇರೆ ದಾರಿ ನನಗೆ ಕಾಣಲಿಲ್ಲ. ಗುಂಪುಗಳು ಬೇಗ ಸಿಕ್ಕವು. ಅಡಗಿ ಕುಳಿತ ಕೊನೆಯ ಮೇಕೆಗಳು ಸಿಗಲಿಲ್ಲ. ಆಗ ಕೆಲವು ಮೇಕೆಗಳನ್ನು ಹಿಡಿದು, ಸಂತಾನಶಕ್ತಿ ತೆಗೆದು, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟರು. ಮೇಕೆ ಒಂಟಿಯಾಗಿರಲಾರದು. ತನ್ನವರನ್ನು ಹುಡುಕಿಕೊಂಡು ಹೋಗುತ್ತದೆ, ಅದರ ಹಿಂದೆ ಕೋವಿಯೂ ಹೋಗುತ್ತದೆ. ಇದನ್ನೇ ಇಂಗ್ಲಿಷಿನವರು ‘ಜೂಡಸ್ ಗೋಟ್’ ಎನ್ನುವುದು. ಕುರಿಗಳನ್ನು ಕಸಾಯಿಖಾನೆಯೊಳಕ್ಕೆ ನಡೆಸಿ ತಾನು ಮಾತ್ರ ಉಳಿಯುವ ಪಳಗಿದ ಮೇಕೆಗೆ ಇದ್ದ ಹೆಸರು ಅದು.

ಕನ್ನಡದಲ್ಲಿ ‘ಜೂಡಸ್ ಮೇಕೆ’ ಎಂದೇ ಬಿಟ್ಟರೆ ಮಕ್ಕಳಿಗೆ ಏನೂ ತಿಳಿಯದು. ಜೂಡಸ್ ಎಂದರೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ; ನಮ್ಮ ಬೈಬಲಿನಲ್ಲಂತೂ ಆತ ‘ಯೂದ’. ‘ದ್ರೋಹಿ ಮೇಕೆ’ ಎನ್ನಲು ನನಗೆ ಮನಸ್ಸಿಲ್ಲ. ದ್ರೋಹಕ್ಕೆ ಅರಿವು ಬೇಕು; ಈ ಬಡಪಾಯಿಗೆ ಗೊತ್ತಿರುವುದು ಜೊತೆಯ ಹಂಬಲವೊಂದೇ. ಅದೇ ಕಾರಣಕ್ಕೆ ‘ಮನೆಮುರುಕ’, ‘ವಿಭೀಷಣ’ ಎಂಬ ಸಲಹೆಗಳೂ ನನಗೆ ಹಿಡಿಸಲಿಲ್ಲ.

ನನಗೆ ಹೊಳೆದದ್ದು ‘ದೀಹ’. ಹಳೆಯ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ‘ದೀಹದ ಮೃಗ’ ಬರುತ್ತದೆ, ಇನ್ನೂ ಹಿಂದಕ್ಕೆ ಹೋದರೆ ‘ದೀವ’. ಕಾಡುಮೃಗಗಳನ್ನು ಬೇಟೆಗಾರನತ್ತ ಸೆಳೆಯಲು ಪಳಗಿಸಿಟ್ಟ ಮೃಗ ಅದು. ನಿಂದೆಯಿಲ್ಲದ, ಅಚ್ಚುಕಟ್ಟಾದ ಮಾತು. ತೊಡಕು ಒಂದೇ: ದೀಹ ನಿಂತಲ್ಲೇ ನಿಂತು ಇತರರನ್ನು ಕರೆಯುತ್ತದೆ, ಈ ಮೇಕೆ ಇತರರು ಇರುವಲ್ಲಿಗೆ ತಾನೇ ಹೋಗುತ್ತದೆ. ಆ ಲೆಕ್ಕದಲ್ಲಿ ‘ಬೇಹಿನ ಮೇಕೆ’ ಹತ್ತಿರವಾದೀತು, ಆದರೆ ಬೇಹುಗಾರನಿಗೂ ತನ್ನ ಕೆಲಸದ ಅರಿವಿರುತ್ತದಲ್ಲ.

ಇನ್ನೊಂದು ಸಂಗತಿ ಈ ಚರ್ಚೆಗೆ ನೆರವಾದೀತು. ಕೆಲವು ಹೆಣ್ಣು ಮೇಕೆಗಳಿಗೆ ಹಾರ್ಮೋನ್ ಕೊಟ್ಟು ಬೆದೆ ಇಳಿಯದಂತೆ ಮಾಡಿ ಬಿಟ್ಟಿದ್ದರು. ಅಡಗಿದ್ದ ಹೋತಗಳು ತಾವಾಗಿ ಹುಡುಕಿಕೊಂಡು ಬಂದವು. ಇವಕ್ಕೆ ‘ದೀಹ’ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪುತ್ತದೆ. ಹಾಗಾದರೆ ಎರಡಕ್ಕೂ ಅದೇ ಪದ ಹಿಗ್ಗಿಸಬಹುದೇ? ಎರಡರಲ್ಲೂ ಪ್ರಾಣಿಯ ಜಾತಿಪ್ರೀತಿಯೇ ಬಲೆಯಾಗುವುದರಿಂದ ಹಿಗ್ಗಿಸಬಹುದು ಎಂಬುದು ನನ್ನ ಒಲವು. ಯಾರು ಯಾರ ಬಳಿಗೆ ನಡೆದರು ಎಂಬುದು ಆಮೇಲಿನ ಮಾತು.

ಜೊತೆಗೆ ಒಂದು ಚಿಕ್ಕ ಸಂದೇಹ. ಸಾಕುಪ್ರಾಣಿಯಾಗಿದ್ದು ತಪ್ಪಿಸಿಕೊಂಡು ಕಾಡು ಸೇರಿ ಅಲ್ಲೇ ಸಂತತಿ ಬೆಳೆಸಿದ್ದಕ್ಕೆ ‘ಕಾಡುಮೇಕೆ’ ಎಂದರೆ ನೀಲಗಿರಿ ತಾರ್‌ನಂಥ ಹುಟ್ಟಾ ಕಾಡಿನ ಪ್ರಾಣಿ ನೆನಪಾಗುತ್ತದೆ. ‘ಬೀಡಾಡಿ’ ಎಂದರೆ ಪೇಟೆಯ ದನ ಕಣ್ಣಿಗೆ ಬರುತ್ತದೆ. ಸದ್ಯಕ್ಕೆ ‘ಕಾಡುಪಾಲಾದ ಮೇಕೆ’ ಎಂದು ಬರೆದಿಟ್ಟಿದ್ದೇನೆ.

ಕೌಜುಗ ಹಿಡಿಯುವವರು ಪಂಜರದಲ್ಲಿಟ್ಟು ಕೂಗಿಸುವ ಸಾಕಿದ ಹಕ್ಕಿಗೆ ನಿಮ್ಮ ಕಡೆ ಏನೆನ್ನುತ್ತಾರೆ? ಮನೆಯ ಹಿರಿಯರನ್ನು, ಕುರಿ ಮೇಯಿಸುವವರನ್ನು ಕೇಳಿ, ಊರಿನ ಹೆಸರಿನೊಂದಿಗೆ ಬರೆಯಿರಿ. ‘ದೀಹ’ ಬಾಯಿಮಾತಿನಲ್ಲಿ ಎಲ್ಲಾದರೂ ಇನ್ನೂ ಉಳಿದಿದ್ದರೆ ನಾನು ಅದನ್ನೇ ಬಳಸುತ್ತೇನೆ.