‘ಟ್ರೆಂಡ್’ಗೆ ‘ಪ್ರವೃತ್ತಿ’ ಒಪ್ಪುತ್ತದೆಯೇ?

ನಮಸ್ಕಾರ.

ಜಯನಗರದಲ್ಲಿ ನಾವು ಕೆಲವರು ಸೇರಿ ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ಸಮಾಜ, ವ್ಯಾಪಾರ ಮುಂದೆ ಹೇಗೆ ಬದಲಾಗಬಹುದು ಅನ್ನುವುದು ವಿಷಯ. ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಗ್ಲೋಬಲ್ ಟ್ರೆಂಡ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಪತ್ರಿಕೆಗಳಲ್ಲಿ ಕಾಣುವುದು ‘ಜಾಗತಿಕ ಪ್ರವೃತ್ತಿ’. ನನಗೇಕೋ ಇದು ಒಗ್ಗುವುದಿಲ್ಲ. ‘ವೃತ್ತಿಯಲ್ಲಿ ಇಂಜಿನಿಯರ್, ಪ್ರವೃತ್ತಿಯಲ್ಲಿ ಕವಿ’ ಅನ್ನುತ್ತೇವೆ. ‘ಅಪರಾಧ ಪ್ರವೃತ್ತಿ’ ಅನ್ನುತ್ತೇವೆ. ಎರಡೂ ಕಡೆ ಅದು ಮನುಷ್ಯನ ಒಳಗಿನ ಸೆಳೆತ, ಅಲ್ವಾ? ಬೆಂಗಳೂರಿನ ಜನಸಂಖ್ಯೆ, ಸುತ್ತಲ ಬಡಾವಣೆ ಸೇರಿ, 2001ರ ಗಣತಿಯಲ್ಲಿ ಸುಮಾರು 57 ಲಕ್ಷ, 2011ರಲ್ಲಿ 85 ಲಕ್ಷ. ಇದು ಯಾರ ಪ್ರವೃತ್ತಿ? ‘ಮೆಗಾಟ್ರೆಂಡ್’, ಅಂದರೆ ಬಹಳ ದೊಡ್ಡ ಟ್ರೆಂಡ್, ಅದನ್ನು ‘ಬೃಹತ್ ಪ್ರವೃತ್ತಿ’ ಮಾಡಿದರಂತೂ ಕೇಳಲೇಬೇಡಿ.

‘ಬೆಳವಣಿಗೆ’ ಹಾಕಿ ನೋಡಿದೆ. ಇಳಿಯುವುದಕ್ಕೆ ಅದು ಹೊಂದುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಮುಂದಿನ ತಲೆಮಾರು ಇಷ್ಟೇ ದೊಡ್ಡದಿರಲು ಸುಮಾರು 2.1 ಬೇಕು. ‘ಮಕ್ಕಳು ಕಡಿಮೆಯಾಗುವ ಬೆಳವಣಿಗೆ’ ಅಂದರೆ ನಗು ಬರುತ್ತದೆ.

ಪೇಟೆಯವರು ಜಾಣರು. ಧಾರಣೆ ಏರುಮುಖ, ಇಳಿಮುಖ ಅನ್ನುತ್ತಾರೆ. ಎರಡಕ್ಕೂ ಸಲ್ಲುವ ಪದ ಬೇಕೆಂದರೆ ಬರೀ ‘ಮುಖ’ ಉಳಿಯುತ್ತದೆ! ‘ಕಾಲಮುಖ’ ಎಂದು ಸುಮ್ನೆ ಗೀಚಿದೆ. ಹಿಂದೆ ಬಳ್ಳಿಗಾವೆಯಲ್ಲಿದ್ದ ಕಾಳಾಮುಖ ಎಂಬ ಶೈವ ಪಂಥದ ಯತಿಗಳು ನೆನಪಾದರು. ಹೊಡೆದು ಹಾಕಿದೆ.

ಟ್ರೆಂಡ್ ಎಂದೇ ಬಿಡಿ ಅನ್ನುತ್ತೀರೇನೋ. ಇಂಗ್ಲಿಷ್ ಪದ ಅನ್ನುವ ತಕರಾರು ನನಗಿಲ್ಲ. ಆದರೆ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ‘ಮೇಡಂ, ಈಗ ಇದೇ ಟ್ರೆಂಡು’ ಅಂದರೆ ಮುಂದಿನ ದೀಪಾವಳಿಗೆ ಹಳತಾಗುವಂಥದ್ದು. ನನಗೆ ಬೇಕಿರುವುದು ಇಪ್ಪತ್ತು ಮೂವತ್ತು ವರ್ಷ ನಿಧಾನಕ್ಕೆ ನಡೆಯುವುದರ ಹೆಸರು.

ಇಂಗ್ಲಿಷಿನಲ್ಲೂ ಟ್ರೆಂಡ್ ಮೊದಲು ತಿರುಗು, ಹೊರಳು ಎಂಬ ಕ್ರಿಯಾಪದ. ಆಮೇಲೆ ನದಿ, ಕರಾವಳಿ ಯಾವ ದಿಕ್ಕಿಗೆ ಸಾಗಿದೆ ಎಂದು ಹೇಳಲು ಬಳಸಿದರು. ಹಾಗಾದರೆ ‘ಹರಿವು’? ಹತ್ತಿರ ಬಂತು, ಆದರೆ ವ್ಯಾಪಾರದ ಬರಹದಲ್ಲಿ ‘ನಗದು ಹರಿವು’ ಆಗಲೇ ಜಾಗ ಹಿಡಿದು ಕೂತಿದೆ.

ತಲೆಬರಹಕ್ಕೆ ಸದ್ಯ ‘ಜಗತ್ತು ಎತ್ತ ಸಾಗಿದೆ?’ ಎಂದು ಹಾಕಿ ಪಾರಾಗಿದ್ದೇನೆ. ಒಳಗೆ ‘ಈ ನಾಲ್ಕು...’ ಎಂದು ಎಣಿಸಿ ಬರೆಯುವ ಕಡೆ ಪಾರಾಗಲು ಆಗುತ್ತಿಲ್ಲ. ಹೊಳೆ ವರ್ಷ ವರ್ಷವೂ ಒಂದು ದಡ ಕೊರೆದು ಮೆಲ್ಲಗೆ ಪಕ್ಕಕ್ಕೆ ಹೊರಳುತ್ತದಲ್ಲ, ಅದಕ್ಕೆ ನಿಮ್ಮೂರ ಕಡೆ ಏನನ್ನುತ್ತಾರೆ?