ಇಳಿಸಿದ ಹಳೇ ಜೀಪ್ ಪಿಕಪ್ಪು: ಮುಂದಿನ ಬ್ರೇಕ್ ಹೋಸ್ ಫುಲ್ ಕಟ್ಟಿನ್ಯಾಗ ಟೈರಿಗೆ ತಿಕ್ಕಾಕತ್ತೇತಿ

ಕುಂದಗೋಳ ಪಿಕಪ್:

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು 1986ರ ಮಹೀಂದ್ರಾ ಜೀಪ್ ಪಿಕಪ್, ಟೂ ವೀಲ್ ಡ್ರೈವ್. ಅಪ್ಪಾರು ಇದರಾಗ ಇಪ್ಪತ್ತು ವರ್ಷ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಚೀಲ ಒಯ್ದಾರ. ಈಗ ಅವರಿಗೆ ಎಡ ಮೊಣಕಾಲ ನೋವು, ಅಷ್ಟೆತ್ತರ ಕಾಲ ಎತ್ತಿಡಾಕ ಆಗಂಗಿಲ್ಲ. ಆದ್ರ ಗಾಡ್ಯಾಗ ಕುಂದ್ರೋ ಆಸೆ ಹೋಗಿಲ್ಲ. ಅದಕ್ಕಂತ ಪಾಟಾದ (ಗಾಡಿ ಹೊರೋ ಪಟ್ಟಿ ಸ್ಪ್ರಿಂಗಿನ) ಬಾಗು ತಗ್ಗಿಸಿ ಗಾಡಿ ಎರಡೂವರಿ ಇಂಚು ಇಳಿಸೀನಿ, ಮುಂದ ಡ್ರಮ್ ತಗದು ಡಿಸ್ಕ್ ಹಾಕಿಸೀನಿ.

ಹುಬ್ಬಳ್ಳ್ಯಾಗ ಒಂದು ಗ್ಯಾರೇಜಿನವರು ಚಾಸಿಯಿಂದ ಸೀದಾ ಕ್ಯಾಲಿಪರಿಗೆ (ಡಿಸ್ಕ್ ಒತ್ತಿ ಹಿಡಿಯೋ ಭಾಗಕ್ಕ) ಒಂದೊಂದು ಉದ್ದನ್ನ ಹೋಸ್, ಅಂದ್ರ ಬ್ರೇಕ್ ಎಣ್ಣಿ ಹೋಗೋ ರಬ್ಬರ್ ಪೈಪ್, ಬಿಟ್ಟಾರ. ಎಡಕ್ಕ ಫುಲ್ ಕಟ್ ಹೊಡದ್ರ (ಸ್ಟೀರಿಂಗ್ ಪೂರ್ತಿ ತಿರುವಿದ್ರ) ಎಡ ಗಾಲಿಯ ಹಿಂದಿನ ಅಂಚು ಒಳಗ ಬಂದು ಹೋಸಿಗೆ ತಿಕ್ಕತೈತಿ. ಹೇಳಿದ್ದಕ್ಕ ಪ್ಲಾಸ್ಟಿಕ್ ಟ್ಯಾಗಿನಿಂದ ಪಾಟಾಕ್ಕ ಬಿಗದು ಕೊಟ್ರು. ಊರಿಗೆ ಬಂದು ಬ್ಯಾಟರಿ ಹಿಡದು ನೋಡೀನಿ, ಮ್ಯಾಲಿನ ರಬ್ಬರ್ ಎರಡು ಬೆರಳಷ್ಟು ಸವದು ಒಳಗಿನ ಬಿಳಿ ನೂಲು ಕಾಣಾಕತ್ತೇತಿ. ಇದರ ಮ್ಯಾಲೆ ಅಪ್ಪಾರನ್ನ ಕುಂದರಿಸಿಕೊಂಡು ಹೊಂಟಿದ್ದೆ ಅಂತ ಕೈಕಾಲು ತಣ್ಣಗಾದ್ವು. ಗಾಡಿ ನಿಲ್ಲಿಸೀನಿ. ಗಿಡ್ಡ ಹೋಸ್ ಹಾಕ್ಲೋ, ಚಾಸಿ ಮ್ಯಾಲಿನ ಬ್ರಾಕೆಟ್ ಸರಸ್ಲೋ? ತಿಳದವರು ಹೇಳ್ರಿ.

ಬೆಟಗೇರಿ ಮೇಸ್ತ್ರಿ:

ನಿಲ್ಲಿಸಿದ್ದು ಚಲೋ ಮಾಡೀರಿ ತಮ್ಮಾ. ನೂಲು ಕಂಡ ಹೋಸಿಗೆ ಟೇಪ್ ಸುತ್ತಬ್ಯಾಡ್ರಿ, ಎರಡೂ ಕಡೆ ಹೊಸಾವ ಹಾಕ್ರಿ. ಆ ಟ್ಯಾಗ್ ಕತ್ತರಿಸಿ ಒಗೀರಿ. ಪಾಟಾ ಕುಣದಾಗೆಲ್ಲ ಟ್ಯಾಗ್ ಹೋಸನ್ನ ಅದ ಜಾಗಾದಾಗ ಕುಯ್ಯತೈತಿ.

ಗಾಡಿ ಇಳಿಸಿದಾಗ ಚಾಸಿ ಎಕ್ಸಲ್ ಸನೇಕ ಬಂತು. ಮೊದಲ ಸರಿ ಇದ್ದ ಹೋಸ್ ಈಗ ಹೆಚ್ಚಾಗಿ ಹೊಟ್ಟಿ ಬಿಟ್ಟೇತಿ. ಅದನ್ನ ಕಂಡು ಗಿಡ್ಡ ಹೋಸ್ ಹಾಕಿದ್ರ ಅದಕ್ಕಿಂತ ಕೆಟ್ಟದ್ದಾಗತೈತಿ: ಗಾಲಿ ತಗ್ಗಿನ್ಯಾಗ ಜೋತು ಬಿದ್ದಾಗ ಹೋಸ್ ಬಿಗದು ಕಿತ್ತ ಬರತೈತಿ. ನಿಂತ ಗಾಡಿ ನೋಡಿ ಅಳತಿ ತಗೋಳೋದ ತಪ್ಪು.

ನಿಮ್ಮದು ಸೀದಾ ಎಕ್ಸಲ್ ಐತಿ. ಹಳೇ ಜೀಪಿಗೆ ಕಂಪನಿಯವರ ಮಾಡಿದ್ದ ದಾರಿ ಹಿಡೀರಿ. ಚಾಸಿಯಿಂದ ಎಕ್ಸಲ್ ಮ್ಯಾಲಿನ ಟೀ ಜಾಯಿಂಟಿಗೆ ಒಂದ ಹೋಸ್. ಅಲ್ಲಿಂದ ಎಕ್ಸಲ್ ಗುಂಟ ಎಡಕ್ಕ ಬಲಕ್ಕ ಸ್ಟೀಲಿನ ಬಂಡಿ ಪೈಪ್ (ಬ್ರೇಕ್ ಎಣ್ಣಿಯ ಸಣ್ಣ ಗಟ್ಟಿ ಪೈಪ್). ತುದೀಗೆ ಒಂದೊಂದು ಗಿಡ್ಡ ಹೋಸ್ ಕ್ಯಾಲಿಪರಿಗೆ. ಏಳೋದು ಬೀಳೋದು ನಡುವಿನ ಹೋಸಿನ ಕೆಲಸ, ತಿರುಗೋದು ತುದೀ ಹೋಸಿನ ಕೆಲಸ. ಎರಡೂ ಭಾರ ಒಂದಕ್ಕ ಹೊರಿಸಿದ್ದಕ್ಕ ನಿಮ್ಮ ಹೋಸ್ ಅಷ್ಟುದ್ದ ಬೇಕಾತು. ತುದೀ ಹೋಸ್ ಕಿಂಗ್ ಪಿನ್ನಿಗೆ (ಮುಂದಿನ ಗಾಲಿ ಎಡಕ್ಕ ಬಲಕ್ಕ ತಿರುಗೋ ಕೀಲಿಗೆ) ಎಷ್ಟು ಸನೇಕ ದಾಟತೈತೋ ಅಷ್ಟು ಚಲೋ. ಬಿಜಾಗ್ರಿ ಸನೇಕ ಒಯ್ದ ವೈರ್ ಬಾಗಲ ತಗದ್ರೂ ಹಾಕಿದ್ರೂ ಜಗ್ಗಂಗಿಲ್ಲ ನೋಡ್ರಿ, ಹಂಗ.

ಫ್ರಿಜ್ಜಿನ ತಾಮ್ರದ ಪೈಪ್ ಮಾತ್ರ ಯಾರು ಹೇಳಿದ್ರೂ ಹಾಕಬ್ಯಾಡ್ರಿ, ಅದುರಿ ಅದುರಿ ಸೀಳತೈತಿ.

ಅಳತಿ ತಗೋಳೂಮುಂದ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಗಾಲಿ ಜೋತು ಬಿಡ್ರಿ, ಎಡಕ್ಕ ಬಲಕ್ಕ ಫುಲ್ ಕಟ್ ಹೊಡೀರಿ. ಆಮ್ಯಾಲೆ ಎಕ್ಸಲ್ ಕೆಳಗ ಜಾಕ್ ಏರಿಸಿ ಬಂಪ್ ರಬ್ಬರಿಗೆ (ಎಕ್ಸಲ್ ಪೂರ್ತಿ ಮ್ಯಾಲೆ ಬಂದಾಗ ತಡಿಯೋ ರಬ್ಬರಿಗೆ) ಮುಟ್ಟಿಸಿ ಮತ್ತ ಎರಡೂ ಕಡೆ ತಿರುವ್ರಿ. ಎಲ್ಲೂ ಬಿಗೀಬಾರದು, ಟೈರಿಗೂ, ಎರಡೂ ಗಾಲಿ ಕೂಡಸೋ ಸ್ಟೀರಿಂಗ್ ಸರಳಿಗೂ (ಟೈ ರಾಡ್) ಹೋಸ್ ಮುಟ್ಟಬಾರದು.

ಸಪ್ತಾಪುರ ಜೀಪ್:

ಮೇಸ್ತ್ರಿಯವರ ಮಾತು ಖರೇ. ಒಂದೆರಡು ನಾನೂ ಹೇಳ್ತೀನಿ. ಇಂಚಿಗೆ 24 ಎಳಿ ಇರೋ 3/8 ಇಂಚಿನ ನಟ್ಟೂ 10 ಎಂಎಂ ನಟ್ಟೂ ಕೈಯಾಗ ಹಿಡದ್ರ ಒಂದ ಥರ ಕಾಣತಾವ. ಮೊದಲಿನದು ಒಂಬತ್ತೂವರಿ ಎಂಎಂ, ಅಷ್ಟ ಫರಕು. ಹಳೇ ಪೈಪಿಗೆ ಹೊಸಾ ಹೋಸ್ ಕೂಡಸೂಮುಂದ ಬೆರಳಿನಿಂದ ನಾಲ್ಕೈದು ಸುತ್ತು ಹೋಗಲಿಲ್ಲ ಅಂದ್ರ ಪಾನಾ ಹಚ್ಚಬ್ಯಾಡ್ರಿ. ಕ್ಯಾಲಿಪರ್ ಕಡೆ ಬ್ಯಾಂಜೋ ಬೋಲ್ಟಿಗೆ (ಹೋಸ್ ಕೂಡಸೋ, ಎಣ್ಣಿ ಹಾಯೋ ತೂತಿನ ಬೋಲ್ಟಿಗೆ) ಎರಡೂ ಬಾಜೂ ಹೊಸಾ ತಾಮ್ರದ ವಾಷರ್ ಹಾಕ್ರಿ. ಆ ಕಡೆ ಮೊದಲ ಬಿಗದು, ಆಮ್ಯಾಲೆ ಇನ್ನೊಂದು ತುದೀನ ಪಾನಾದಿಂದ ಹಿಡಕೊಂಡು ನಟ್ಟು ಬಿಗೀರಿ. ಹೋಸ್ ಮ್ಯಾಲೆ ಉದ್ದಕ್ಕ ಗೆರಿ ಇದ್ರ ಅದು ನೆಟ್ಟಗ ಇರಬೇಕು, ಬಳ್ಳಿ ಹಂಗ ಸುತ್ತಿತ್ತಂದ್ರ ಹೋಸ್ ತಿರುವಿಕೊಂಡೇತಿ ಅಂತ.

ಗಾಡಿ ಇಳಿಸಿದ್ದು, ಬ್ರೇಕ್ ಬದಲಿಸಿದ್ದು ಆರ್‌ಟಿಓದಾಗ ಕೇಳಿ ಬರ್ರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮ್ಮು ಇಂಥಾ ಬದಲಾವಣಿ ಬಗ್ಗೆನ ಐತಿ.

ಕುಂದಗೋಳ ಪಿಕಪ್:

ಇಬ್ಬರಿಗೂ ಕೈ ಮುಗೀತೀನ್ರಿ. ಎಲ್ಲಾ ಬಿಚ್ಚಿ ಮೂರ ಹೋಸಿನ ದಾರಿ ಮಾಡೀನಿ. ಹೋಸ್ ಕೊಳ್ಳೂಕಿಂತ ಮೊದಲ ಬಣವಿ ಕಟ್ಟೋ ತಂತಿ ಬಾಗಿಸಿ ಹಿಡದು, ಗಾಲಿ ಜೋತು ಬಿಟ್ಟು ಅಳತಿ ತಗೊಂಡೆ. ಎಲ್ಲಾ ಕೂಡಿಸಿದ ಮ್ಯಾಲೆ ಟೈರಿನ ಒಳ ಬಾಜೂಕ ಹಸೀ ಸೀಮೆಸುಣ್ಣ ದಪ್ಪಗ ಬಳದು, ಎಡಕ್ಕ ಬಲಕ್ಕ ಹತ್ತ ಹತ್ತ ಸಲ ಕಟ್ ಹೊಡದೆ. ಬಲಗಡೆ ಹೋಸ್ ಕರ್ರಗ ಉಳೀತು. ಎಡಗಡೆ ಒಂದು ಸಣ್ಣ ಬಿಳಿ ಗೀರು ಬಿತ್ತು, ಉಗುರಿನಷ್ಟು. ಎಕ್ಸಲ್ ಮ್ಯಾಲಿನ ಬ್ರಾಕೆಟ್ ಅರ್ಧ ಇಂಚು ಒಳಗ ಸರಿಸಿ ಮತ್ತ ಬಳದು ನೋಡೀನಿ, ಗೀರಿಲ್ಲ.

ಬ್ರೇಕ್ ಪೈಪಿನ್ಯಾಗಿನ ಏರ್ ತೆಗೆಯೂಮುಂದ ಪೆಡಲ್ ತುಳ್ಯಾಕ ಒಬ್ಬರು ಬೇಕಾಗಿತ್ತು. ಅಪ್ಪಾರು ನಾ ಬರ್ತೀನಿ ಅಂದ್ರು. ಯಾರ ಕೈನೂ ಹಿಡೀದ ತಾವ ಹತ್ತಿ ಕುಂತ್ರು. ನಾ ಕೆಳಗ ಮಲಗಿ ಒಂದೊಂದ ಗಾಲಿಯ ಏರ್ ಬಿಡೋ ನಿಪ್ಪಲ್ ಸಡಲ ಮಾಡ್ತಿದ್ದೆ, ಅವರು ಮ್ಯಾಲಿಂದ "ಹಿಡದೀನಿ" ಅಂತ ಕೂಗ್ತಿದ್ರು. ಕಡೀಗೆ ಪೆಡಲ್ ಕಲ್ಲಿನಂಗ ಗಟ್ಟಿ ಆತು. ಜಾಯಿಂಟೆಲ್ಲಾ ಒರಸಿ ಕಾಗದಾ ಹಿಡದು ನೋಡೀನಿ, ಒಂದ ಹನಿ ಇಲ್ಲ.

ಆರ್‌ಟಿಓಕ್ಕ ಸೋಮವಾರ ಹೊಂಟೀನಿ. ಮಳಿ ಬಿದ್ದು ಹೊಲದ ದಾರ‍್ಯಾಗ ಎರಿ ಮಣ್ಣು ಗಾಲಿಗೆ ಮೆತ್ತಿದಾಗ ಆ ಎಡಗಡೆ ಹೋಸ್ ಮತ್ತೊಮ್ಮೆ ನೋಡಿ ಇಲ್ಲೇ ಬರೀತೀನಿ.