ಜಾಸ್ 3-ಡಿ: ಇಷ್ಟು ಕೆಟ್ಟ ಸಿನಿಮಾಗೆ ದುಡ್ಡು ಬಂದದ್ದು ಹೇಗೆ?

ತಿಂಡಿಪೋತ:
ನಿನ್ನೆ ಟಿವಿಯಲ್ಲಿ 1983ರ 'ಜಾಸ್ 3-ಡಿ' ನೋಡಿದೆ. ಫ್ಲಾರಿಡಾದ ಸೀವರ್ಲ್ಡ್ ಅನ್ನೋ ಕಡಲಜೀವಿಗಳ ಪಾರ್ಕಿನೊಳಗೆ ಶಾರ್ಕ್ ಮರಿ ಸಿಕ್ಕಿ ಸಾಯುತ್ತದೆ, ಆಮೇಲೆ 35 ಅಡಿಯ ತಾಯಿ ಬರುತ್ತದೆ. ಕತೆ ಅಷ್ಟೇ. ಮಧ್ಯೆ ತುಂಡಾದ ಕೈಯೊಂದು ಸುಮ್ನೆ ತೇಲುತ್ತಾ ನಿಂತುಬಿಡುತ್ತದೆ! ವಿಮರ್ಶಕರು ಆಗಲೇ ಚೆನ್ನಾಗಿ ಉಗಿದಿದ್ದಾರೆ. ಆದರೂ ಲೋಕದಲ್ಲೆಲ್ಲ ಸೇರಿ ಸುಮಾರು 8.8 ಕೋಟಿ ಡಾಲರ್ ಗಳಿಕೆ. ಹೇಗೆ ಸ್ವಾಮಿ?

ಹಳೇ ಪರದೆ:
ನೀವು 3-ಡಿ ಕನ್ನಡಕ ಇಲ್ಲದೆ ನೋಡಿದ್ದೀರಿ, ಅಲ್ವಾ? ಆ ಕೈ ನಿಮ್ಮ ಮೂಗಿನ ಮುಂದೆ ಬಂದು ನಿಲ್ಲಬೇಕಿತ್ತು. ಜನ ಟಿಕೆಟ್ ಕೊಂಡಿದ್ದು ಅದಕ್ಕೇ, ಕತೆಗಲ್ಲ. 1981-83ರಲ್ಲಿ ಅಮೆರಿಕದಲ್ಲಿ 3-ಡಿ ಹುಚ್ಚು ಮತ್ತೆ ಜೋರಾಗಿತ್ತು. ಒಂದೇ ರೀಲಿನಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ಮೇಲೆ ಕೆಳಗೆ ಅಚ್ಚಾಗಿರುತ್ತಿತ್ತು. ಎರಡು ಪ್ರೊಜೆಕ್ಟರ್ ಜೋಡಿಸುವ ಹಳೇ ತಲೆನೋವು ಇರಲಿಲ್ಲ. ಮೊದಲ ವಾರಾಂತ್ಯದಲ್ಲೇ 1.3 ಕೋಟಿ ಡಾಲರ್‌ಗೂ ಜಾಸ್ತಿ ಬಂತು. ಸಿನಿಮಾ ಹೇಗಿದೆ ಅಂತ ಬಾಯಿಂದ ಬಾಯಿಗೆ ಹರಡುವಷ್ಟರಲ್ಲಿ ಪೆಟ್ಟಿಗೆ ತುಂಬಿತ್ತು.

ನನಗೆ ಬೇಜಾರು ನಿರ್ದೇಶಕ ಜೋ ಆಲ್ವೆಸ್ ಬಗ್ಗೆ. ಮೊದಲೆರಡು ಭಾಗಗಳಿಗೆ ಪ್ರೊಡಕ್ಷನ್ ಡಿಸೈನ್ ಮಾಡಿದವರು ಇವರೇ. ಶಾರ್ಕನ್ನು ಎಷ್ಟು ಕಡಿಮೆ ತೋರಿಸಿದರೆ ಅಷ್ಟು ಭಯ ಅಂತ ಹತ್ತಿರದಿಂದ ಕಂಡವರು. ಇಲ್ಲಿ ಮಾತ್ರ ಅದನ್ನು ಕಣ್ಣಿಗೆ ಚುಚ್ಚುವಂತೆ ತೋರಿಸಿದ್ದಾರೆ.

ಮಾರ್ನಿಂಗ್ ಶೋ:
ಹಾಗಂತ ಕನ್ನಡಕ ಹಾಕಿದರೆ ಎಲ್ಲ ಸರಿಯಾಗುತ್ತಾ? ಕಂಟ್ರೋಲ್ ರೂಮಿನ ಗಾಜು ಒಡೆಯುವ ದೃಶ್ಯ ನೋಡಿ. ಶಾರ್ಕ್ ಬಾಲ ಕೂಡ ಅಲ್ಲಾಡಿಸಲ್ಲ, ಮದುವೆ ಮನೆ ಕಟೌಟ್ ತರಹ ಮುಂದೆ ಬರುತ್ತದೆ. ಪಾಪ ಲೂಯಿಸ್ ಗಾಸೆಟ್ ಜೂನಿಯರ್, ಅದೇ ವರ್ಷ ಆಸ್ಕರ್ ತಗೊಂಡವರು ಇದರಲ್ಲಿದ್ದಾರೆ.

ಹಳೇ ಪರದೆ:
ಆ ದೃಶ್ಯದ ಪರ ನಾನು ವಾದ ಮಾಡಲ್ಲ. ನೀರಿನೊಳಗಿನ ಸುರಂಗದ ಭಾಗ ಮಾತ್ರ ನನಗೆ ಈಗಲೂ ಇಷ್ಟ.

ಇನ್ನೊಂದು ವಿಷಯ. ಮೂರನೇ ಭಾಗವನ್ನು ತಮಾಷೆ ಸಿನಿಮಾ ಮಾಡೋಣ ಅಂತ ಮೊದಲು ಯೋಚನೆ ಇತ್ತು, ಸಿನಿಮಾದ ಸ್ಟುಡಿಯೋ ಯೂನಿವರ್ಸಲ್‌ನವರು ಬೇಡ ಅಂದರು. ಕೊನೆಗೆ ಜನ ನಕ್ಕರು ಬಿಡಿ.

ತಿಂಡಿಪೋತ:
ಸರಿ, ನಾಲ್ಕನೆಯದು ನೋಡಲಾ?

ಹಳೇ ಪರದೆ:
1987ರದ್ದು. ಮೂರನೇ ಭಾಗ ನಡೆದೇ ಇಲ್ಲ ಅನ್ನುವಂತೆ ಕತೆ ಶುರುವಾಗುತ್ತದೆ. ಅದರಲ್ಲಿ ಶಾರ್ಕ್ ಗರ್ಜಿಸುತ್ತದೆ. ನಿಮ್ಮಿಷ್ಟ.